ಹಳೆ ಮಿನಿ ಬಸ್ಸನ್ನು ಮನೆ ಮಾಡೋದಾದ್ರೆ ಒಳಗೆ ಏನೇನು ಇರಬೇಕು? ನಿಮ್ಮ ಆಸೆ ಬರೆಯಿರಿ

ಸಾಗರದ ಸವಾರ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಮ್ಮೂರ ಹತ್ತಿರದ ಒಂದು ಶಾಲೆಯವರು 2014ರ ಮಿನಿ ಬಸ್ ಮಾರುತ್ತಿದ್ದಾರೆ. ನೋಡಿಕೊಂಡು ಬಂದೆ. ಚಾಸಿ ಗಟ್ಟಿ ಇದೆ. ಎಂಜಿನ್ ಒಂದು ಸಲ ಬಿಚ್ಚಿ ಕಟ್ಟಿದ್ದಾರಂತೆ. ನೆಲದ ಶೀಟು ಹಿಂದಿನ ಚಕ್ರದ ಮೇಲೆ ತುಕ್ಕು ಹಿಡಿದು ಬೆರಳು ಹಾಕಿದರೆ ಒಳಗೆ ಹೋಗುತ್ತದೆ. ಅದನ್ನು ಹೇಗೂ ಬದಲಿಸಬೇಕು.

ಟೇಪ್ ಹಿಡಿದು ಅಳೆದೆ. ಡ್ರೈವರ್ ಸೀಟಿನ ಹಿಂದಿನಿಂದ ಹಿಂಬದಿ ಗಾಜಿನವರೆಗೆ 17 ಅಡಿ 8 ಇಂಚು. ಒಳಗಿನ ಅಗಲ ಆರೂವರೆ ಅಡಿ. ನಡುವೆ ಎತ್ತರ 6 ಅಡಿ 1 ಇಂಚು. ನಾನು 5 ಅಡಿ 10. ಅಂದರೆ ಸೀಲಿಂಗ್ ಫ್ಯಾನ್ ಆಸೆ ಈಗಲೇ ಬಿಟ್ಟೆ.

ನಾವು ನಾಲ್ಕು ಜನ. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು, 68 ವರ್ಷದ ಅಮ್ಮ. ವರ್ಷಕ್ಕೆ ಎರಡು ಮೂರು ಸಲ ಹದಿನೈದು ದಿನ ಊರು ಸುತ್ತಬೇಕು ಅನ್ನೋದು ಯೋಚನೆ. ಸದ್ಯಕ್ಕೆ ಖರ್ಚಿನ ಮಾತು ಬೇಡ. ಕನಸಿನ ಬಸ್ಸು ಅಂದುಕೊಂಡು ಹೇಳಿ. ನನ್ನ ಪಟ್ಟಿ: ಎರಡು ದೊಡ್ಡ ಹಾಸಿಗೆ, ಸ್ನಾನದ ಮನೆ, ಎಸಿ, ಫ್ರಿಜ್ಜು, ವಾಷಿಂಗ್ ಮಷೀನ್, ಮೇಲೆ ಡೆಕ್, ಪ್ರೊಜೆಕ್ಟರ್. ಮಗಳಿಗೆ ಒಳಗಿನಿಂದ ಚಾವಣಿಗೆ ಏಣಿ ಬೇಕಂತೆ. ಅಮ್ಮನನ್ನು ಕೇಳಿದರೆ "ನಂಗೇನೂ ಬೇಡ ಮಾರಾಯ" ಅಂದರು.

ಡಿಪೋ ನಿವೃತ್ತ

ಅಭಿನಂದನೆ ಸವಾರರೇ. ಮೂವತ್ತು ವರ್ಷ ಬಸ್ಸಿನ ಕೆಳಗೆ ಮಲಗಿಯೇ ಕೆಲಸ ಮಾಡಿದವನು ನಾನು. ಬಸ್ಸಿನ ಒಳಗೆ ಮಲಗೋ ಆಸೆ ನನಗೂ ಇದೆ.

ನನ್ನ ಕನಸು ಒಂದೇ. ಬೆಲ್ಲಿನ ಹಗ್ಗ ತೆಗೆಸಬೇಡಿ. ಶಾಲೆ ಬಸ್ಸಲ್ಲಿ ಇರಲಿಕ್ಕಿಲ್ಲ, ಇಲ್ಲದಿದ್ದರೆ ಹೊಸದಾಗಿ ಕಟ್ಟಿಸಿ. ಹಿಂದೆ ಹಾಸಿಗೆಯಲ್ಲಿ ಇರುವವರು ಒಂದು ಸಲ ಎಳೆದರೆ ನಿಲ್ಲಿಸಬೇಕು, ಎರಡು ಸಲ ಎಳೆದರೆ ರೈಟ್. ಎಂಜಿನ್ ಸದ್ದಲ್ಲಿ ಕಿರುಚಿಕೊಂಡು ಗಂಟಲು ಹೋಗಿಸಿಕೊಳ್ಳೋದು ತಪ್ಪುತ್ತದೆ.

ಈಗ ಬೈಗುಳ. ಮೇಲೆ ಡೆಕ್ ಅಂದಿರಲ್ಲ, ಆ ಚಾವಣಿ ತೆಳು ಶೀಟು. ಅದರ ಕೆಳಗಿನ ಪಕ್ಕೆಲುಬು ನಾಲ್ಕು ಜನ ಕುಣಿಯಲಿ ಅಂತ ಮಾಡಿದ್ದಲ್ಲ. ಮೇಲೆ ಭಾರ ಹೋದಷ್ಟೂ ತಿರುವಿನಲ್ಲಿ ಬಸ್ಸು ವಾಲುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಗೊತ್ತಾಗುತ್ತದೆ. ಮೊದಲು ಖಾಲಿ ಬಸ್ಸನ್ನು ವೇ ಬ್ರಿಡ್ಜಿಗೆ ತೆಗೆದುಕೊಂಡು ಹೋಗಿ ತೂಕ ಮಾಡಿಸಿ. ಆರ್‌ಸಿಯಲ್ಲಿ ಒಟ್ಟು ತೂಕ ಬರೆದಿರುತ್ತದೆ. ಎರಡರ ನಡುವಿನ ಅಂತರ ಎಷ್ಟೋ ಅಷ್ಟೇ ನಿಮ್ಮ ಕನಸು. ಅದರಲ್ಲಿ ನೀವು ನಾಲ್ಕು ಜನರೂ ಸೇರಬೇಕು, ನೀರೂ ಸೇರಬೇಕು.

ಆ ಒಟ್ಟು ತೂಕ 7,500 ಕೆ.ಜಿ. ಒಳಗಿದ್ದರೆ ಕಾರಿನ ಲೈಸೆನ್ಸಿನಲ್ಲೇ ಓಡಿಸಬಹುದು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ದಾಟಿದರೆ ಹೆವಿ ಲೈಸೆನ್ಸ್ ಬೇಕು. ಆರ್‌ಸಿ ಒಂದು ಸಲ ಓದಿ ನೋಡಿ.

ಬಚ್ಚಲು ಮೊದಲು

ಪಟ್ಟಿ ಬರೆದವರು ಗಂಡಸರು ಅಂತ ಪ್ರೊಜೆಕ್ಟರ್ ನೋಡಿದ ಕೂಡಲೇ ಗೊತ್ತಾಯಿತು 😄

ಅಣ್ಣಾ, ಅಮ್ಮನಿಗೆ 68 ಅಂದ್ರಿ. ರಾತ್ರಿ ಎರಡು ಗಂಟೆಗೆ ಅವರು ಎದ್ದರೆ ಎಲ್ಲಿಗೆ ಹೋಗಬೇಕು? ನಾವು ಹೆಂಗಸರು ಪ್ರವಾಸ ಅಂದರೆ ಬೆಳಗಿನಿಂದ ನೀರು ಕುಡಿಯದೇ ಕೂರುತ್ತೇವೆ. ನಿಮಗದು ಗೊತ್ತೇ ಇರಲ್ಲ. ಆದ್ದರಿಂದ ಟಾಯ್ಲೆಟ್ ಮೊದಲು, ಉಳಿದದ್ದೆಲ್ಲ ಆಮೇಲೆ.

ನನ್ನ ಕನಸಿನ ಟಾಯ್ಲೆಟ್: ಎರಡೂ ಕೈಗೆ ಸಿಗೋ ಹಾಗೆ ಗೋಡೆಗೆ ಹಿಡಿಕೆ. ಕಾಲಿಟ್ಟರೆ ಜಾರದ ನೆಲ. ಮಗ್ಗು ಇಡಲು ಗುಂಡಿಯಂಥ ಜಾಗ, ಇಲ್ಲವಾದರೆ ಬ್ರೇಕ್ ಹಾಕಿದಾಗಲೆಲ್ಲ ಮಗ್ಗು ಅಡುಗೆಮನೆಗೆ ಬರುತ್ತದೆ. ಬಾಗಿಲು ಹೊರಗೆ ತೆರೆಯಬೇಕು. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯೋ ಬಾಗಿಲು ತೆಗೆಯಲಿಕ್ಕೇ ಆಗಲ್ಲ.

ಕ್ಯಾಸೆಟ್ ಟಾಯ್ಲೆಟ್ ಅಂತ ಬರುತ್ತದೆ. ಕೆಳಗಿನ ಡಬ್ಬಿಯನ್ನು ಹೊರಗಿನ ಬಾಗಿಲಿಂದ ಎಳೆದು, ಯಾವುದಾದರೂ ಶೌಚಾಲಯಕ್ಕೆ ಒಯ್ದು ಖಾಲಿ ಮಾಡಬೇಕು. ನೀರು ಬಳಸಿ ತೊಳೆಯೋ ನಮ್ಮ ಅಭ್ಯಾಸಕ್ಕೆ ಅದು ಹೇಳಿದ್ದಕ್ಕಿಂತ ಬೇಗ ತುಂಬುತ್ತದೆ. ನಾಲ್ಕು ಜನಕ್ಕೆ ಎರಡು ದಿನ ಬಂದರೆ ಜಾಸ್ತಿ. ಖಾಲಿ ಮಾಡೋದು ಯಾರ ಕೆಲಸ ಅಂತ ಬಸ್ ಕೊಳ್ಳೋ ಮೊದಲೇ ಮನೆಯಲ್ಲಿ ತೀರ್ಮಾನ ಆಗಲಿ.

ಡಿಪೋ ನಿವೃತ್ತ

ಮೇಡಂ ಹೇಳಿದ್ದು ಸರಿ. ಬಸ್ಸಲ್ಲಿ ಟಾಯ್ಲೆಟ್ ಆಗಲ್ಲ ಅನ್ನೋರಿಗೆ ಒಂದು ನೆನಪು. 2020ರಲ್ಲಿ ಮೆಜೆಸ್ಟಿಕ್‌ನಲ್ಲಿ ಕೆಎಸ್‌ಆರ್‌ಟಿಸಿಯವರು ಓಡಿ ಮುಗಿದ ಬಸ್ಸೊಂದನ್ನು ಪೂರ್ತಿ ಹೆಂಗಸರ ಶೌಚಾಲಯ ಮಾಡಿದ್ದರು. ಎರಡೂ ಬಗೆಯ ಕಮೋಡು, ಮಗುವಿಗೆ ಹಾಲು ಕೊಡಲು ಜಾಗ, ಸೋಲಾರ್ ದೀಪ ಎಲ್ಲ ಇತ್ತು. ಮನಸ್ಸು ಮಾಡಿದರೆ ಆಗುತ್ತದೆ.

ವೋಲ್ಟು ವಾಟು

ಎಸಿ, ಫ್ರಿಜ್ಜು, ವಾಷಿಂಗ್ ಮಷೀನ್ ಓದಿ ನಾನು ಪೆನ್ನು ತೆಗೆದೆ. ಕ್ಷಮಿಸಿ, ಸ್ವಲ್ಪ ಉದ್ದ ಆಗುತ್ತೆ.

ನಿಮ್ಮ ಚಾವಣಿ ಮೇಲೆ 540 ವಾಟಿನ ಎರಡು ಸೋಲಾರ್ ಪ್ಯಾನೆಲ್ ಉದ್ದಕ್ಕೆ ಕೂರುತ್ತವೆ. ಒಂದೊಂದು ಏಳೂವರೆ ಅಡಿ ಉದ್ದ, ಸುಮಾರು 28 ಕೆ.ಜಿ. ಒಳ್ಳೆ ಬಿಸಿಲಲ್ಲಿ ಎರಡೂ ಸೇರಿ ದಿನಕ್ಕೆ ನಾಲ್ಕು ಯೂನಿಟ್ ಕೊಡಬಹುದು. 24 ವೋಲ್ಟು 200 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿ ಅಂದರೆ ಐದು ಯೂನಿಟ್ ಹಿಡಿಯುವ ಡಬ್ಬಿ. ದೊಡ್ಡ ಬಸ್ಸಿನ ವೈರಿಂಗ್ ಸಾಮಾನ್ಯವಾಗಿ 24 ವೋಲ್ಟಿನದು, ಮಿನಿ ಬಸ್ಸಿನದು 12 ಕೂಡ ಇರಬಹುದು. ಮೀಟರ್ ಹಿಡಿದು ನೋಡಿ. 24 ಆಗಿದ್ದರೆ ಮನೆಯ ಬ್ಯಾಟರಿಯನ್ನೂ 24ಕ್ಕೇ ಇಡಿ. ನಡುವೆ ಚಾರ್ಜರ್ ಹಾಕಿದರೆ ಬಸ್ ಓಡುವಾಗಲೂ ತುಂಬುತ್ತದೆ.

ಈಗ ಖರ್ಚು. ಕಂಪ್ರೆಸರ್ ಇರುವ ಸಣ್ಣ ಡಿಸಿ ಫ್ರಿಜ್ಜಿಗೆ ದಿನಕ್ಕೆ ಅರ್ಧದಿಂದ ಮುಕ್ಕಾಲು ಯೂನಿಟ್. ಗೋಡೆಗೆ ಹಾಕುವ ಎರಡು ಫ್ಯಾನು ರಾತ್ರಿಯಿಡೀ ತಿರುಗಿದರೂ ಅರ್ಧ ಯೂನಿಟ್. ದೀಪ, ಫೋನು ಲೆಕ್ಕಕ್ಕೇ ಇಲ್ಲ. ಮಿಕ್ಸಿ ಐದು ನಿಮಿಷ, ಅದೂ ಲೆಕ್ಕಕ್ಕಿಲ್ಲ. ಚಟ್ನಿ ಧೈರ್ಯವಾಗಿ ರುಬ್ಬಿ. ಇಂಡಕ್ಷನ್ ಒಲೆ ಒಂದು ಗಂಟೆ ಅಂದರೆ ಹತ್ತಿರ ಹತ್ತಿರ ಎರಡು ಯೂನಿಟ್. ಒಂದು ಟನ್ ಎಸಿ ಎಂಟು ಗಂಟೆ ಅಂದರೆ ಐದು, ಸೆಕೆಗಾಲದಲ್ಲಿ ಅದಕ್ಕೂ ಜಾಸ್ತಿ. ಒಂದೇ ರಾತ್ರಿಗೆ ಡಬ್ಬಿ ಖಾಲಿ. ಬೆಳಿಗ್ಗೆ ಹಾಲು ಒಡೆದಿರುತ್ತದೆ.

ಇನ್ನು ಮಲೆನಾಡಿನ ಜುಲೈ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಅಲ್ಲಿ ಆ ಪ್ಯಾನೆಲ್ ಒಂದು ಯೂನಿಟ್ ಕೊಟ್ಟರೆ ಕೈ ಮುಗಿಯಿರಿ.

ಹುಬ್ಬಳ್ಳಿ ಖಾರ

ವೋಲ್ಟು ಸರ್, ನೀವು ಕೂತಿರೋದು ಬೆಂಗಳೂರಾಗ ಅನಸ್ತದ. ಏಪ್ರಿಲ್ಲಿನಲ್ಲಿ ಕಲಬುರಗಿ, ರಾಯಚೂರು ಕಡೆ ಬನ್ನಿ. ನಲವತ್ತು ಡಿಗ್ರಿ ದಾಟಿರುತ್ತದೆ. ಸಂಜೆ ಏಳಕ್ಕೂ ಬಸ್ಸಿನ ತಗಡು ರೊಟ್ಟಿ ಹಂಚಿನ ಹಾಗೆ ಕಾದಿರುತ್ತದೆ. ಫ್ಯಾನು ಹಾಕಿದರೆ ಬಿಸಿ ಗಾಳಿಯನ್ನೇ ತಿರುಗಿಸುತ್ತದೆ. ಎಸಿ ಬೇಕೇ ಬೇಕ್ರೀ.

ವೋಲ್ಟು ವಾಟು

ಒಪ್ಪಿದೆ ಸರ್, ನಾನು ಬೆಂಗಳೂರೇ 🙏 ಆದರೆ ಎಸಿಗೆ ಮುಂಚೆ ತಗಡಿಗೆ ಬಟ್ಟೆ ಹಾಕಿ. ಒಳಗಿನ ಶೀಟು ಬಿಚ್ಚಿ, ಪಕ್ಕೆಲುಬುಗಳ ನಡುವೆ ಗಟ್ಟಿ ಫೋಮ್ ಬೋರ್ಡು ತುಂಬಿಸಿ. ಚಾವಣಿಗೆ ಬಿಳಿ ಬಣ್ಣ. ಪ್ಯಾನೆಲ್ಲಿಗೂ ಚಾವಣಿಗೂ ನಡುವೆ ನಾಲ್ಕು ಬೆರಳು ಸಂದು ಬಿಟ್ಟರೆ ಅದೇ ನೆರಳು. ಅರ್ಧ ಸೆಕೆ ಅಲ್ಲೇ ಹೋಯಿತು. ಉಳಿದ ಅರ್ಧಕ್ಕೆ, ಕರೆಂಟು ಸಿಗುವ ಕಡೆ ನಿಲ್ಲಿಸಿ ಪ್ಲಗ್ ಹಾಕಿ ಎಸಿ ಓಡಿಸಿ. ಹೊರಗಿನಿಂದ ಕರೆಂಟು ತೆಗೆದುಕೊಳ್ಳುವ ಸಾಕೆಟ್ಟು, ಅದಕ್ಕೆ ಅರ್ಥಿಂಗು, ಟ್ರಿಪ್ಪರ್ ಇವು ಕನಸಿನ ಪಟ್ಟಿಯಲ್ಲಿ ಎಸಿಗಿಂತ ಮೇಲೆ ಇರಬೇಕು.

ಜನರೇಟರ್ ಇಡುತ್ತೇನೆ ಅನ್ನೋರಿಗೆ ಒಂದು ಮಾತು. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನಿನ ಒಳಗೆ ಇಬ್ಬರು ಸತ್ತರು. ಜನರೇಟರಿನ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಿತ್ತು. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ. ಪತ್ತೆ ಮಾಡುವ ಅಲಾರಂ ಸಣ್ಣ ಡಬ್ಬಿ. ಹಾಸಿಗೆ ಹತ್ತಿರ ಒಂದು ಹಾಕಿಸಿ. ಮಲಗುವಾಗ ಎಂಜಿನ್, ಜನರೇಟರ್ ಎರಡೂ ಬಂದ್.

ಸಾಗರದ ಸವಾರ

ಅಯ್ಯೋ. ಇದನ್ನು ಓದಿ ಹೆಂಡತಿ ಜನರೇಟರ್ ಹೆಸರೇ ಎತ್ತಬೇಡಿ ಅಂದಳು. ಹಾಗಾದರೆ ಅಡುಗೆ ಗ್ಯಾಸಿನಲ್ಲೇ ಮಾಡಬೇಕಾ?

ಬಚ್ಚಲು ಮೊದಲು

ನಾನಾದರೆ ಗ್ಯಾಸೇ. 5 ಕೆ.ಜಿ.ಯ ಸಣ್ಣ ಸಿಲಿಂಡರ್. ಆದರೆ ಅದಕ್ಕೆ ಒಳಗಿನಿಂದ ಪೂರ್ತಿ ಮುಚ್ಚಿದ, ಹೊರಗಿನಿಂದ ಬಾಗಿಲಿರುವ ಪೆಟ್ಟಿಗೆ ಬೇಕು. ಪೆಟ್ಟಿಗೆಯ ತಳದಲ್ಲಿ ತೂತು ಬೇಕು. ಅಡುಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಕೂರುತ್ತದೆ. ತೂತಿದ್ದರೆ ನೆಲಕ್ಕೆ ಇಳಿದು ಹೋಗುತ್ತದೆ. ಓಡುವಾಗ ರೆಗ್ಯುಲೇಟರ್ ಆಫ್.

ನನ್ನ ನಿಜವಾದ ಆಸೆ ಬೇರೆ. ಒಲೆ ಎರಡು ಕಡೆ ಇರಬೇಕು. ಒಂದು ಒಳಗೆ ಕಾಫಿಗೆ. ಇನ್ನೊಂದು ಹಿಂಬದಿ ಬಾಗಿಲು ತೆಗೆದರೆ ಹೊರಗೆ ಎಳೆಯೋ ಹಲಗೆ ಮೇಲೆ. ಒಗ್ಗರಣೆ, ಮೀನು, ದೋಸೆ ಎಲ್ಲ ಹೊರಗೆ. ಆರೂವರೆ ಅಡಿ ಅಗಲದ ಡಬ್ಬಿಯೊಳಗೆ ಒಣಮೆಣಸಿನಕಾಯಿ ಹುರಿದು ನೋಡಿ, ನಾಲ್ಕೂ ಜನ ಕೆಮ್ಮುತ್ತಾ ಇಳಿಯುತ್ತೀರಿ.

ಪಾಯಿಂಟ್ ನಂಬರ್ ಒಂದು

ಯಾರೂ ಆರ್‌ಟಿಒ ಹೆಸರೇ ಹೇಳಿಲ್ಲವಲ್ಲ! ನಾನು ಹಬ್ಬ ಕೆಡಿಸೋಕೆ ಬಂದೆ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಡಕ್ಕಾಗಿ ಹೇಳಿತು. ಆದ್ದರಿಂದ ಸೀಟು ಬಿಚ್ಚೋಕೆ ಮೊದಲೇ ನಕ್ಷೆ ಹಿಡಿದು ಆರ್‌ಟಿಒ ಆಫೀಸಿಗೆ ಹೋಗಿ. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ಅನ್ನುವ ವರ್ಗ ಕಾನೂನಿನಲ್ಲಿ ಇದೆ. 2004ರ ಕೇಂದ್ರ ಅಧಿಸೂಚನೆಯಲ್ಲಿ ಅದು ಸಾರಿಗೆಯೇತರ ವಾಹನಗಳ ಪಟ್ಟಿಯಲ್ಲಿದೆ. ಮೋಟಾರು ಕ್ಯಾರವಾನಿಗೆ ಎಐಎಸ್-124 ಅಂತ ಪ್ರತ್ಯೇಕ ಮಾನದಂಡವೂ ಇದೆ. ದಾರಿ ಇದೆ, ಕಾಗದದ ಕೆಲಸ ಜಾಸ್ತಿ ಅಷ್ಟೇ.

ನನ್ನ ಕಥೆ ಕೇಳಿ. ನಾನು ಹಳೆ ವ್ಯಾನಿಗೆ ಹಾಸಿಗೆ, ಸಿಂಕು ಎಲ್ಲ ಹಾಕಿಸಿ ಆಮೇಲೆ ಕಾಗದಕ್ಕೆ ಓಡಾಡಿದೆ. ಎಲ್ಲ ಬಿಚ್ಚಿಸಿ ಮತ್ತೆ ಸೀಟು ಕೂರಿಸಿ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕಾಯಿತು. ಆ ಸಿಂಕು ಈಗ ನಮ್ಮ ಹಿತ್ತಿಲಲ್ಲಿದೆ. ಕೊತ್ತಂಬರಿ ಬೆಳೆಯುತ್ತಿದ್ದೇವೆ.

ಇನ್ಶೂರೆನ್ಸ್‌ನವರಿಗೂ ಬರವಣಿಗೆಯಲ್ಲಿ ತಿಳಿಸಿ. ಮತ್ತೆ ತುರ್ತು ಬಾಗಿಲು. ಅದಕ್ಕೆ ಅಡ್ಡ ಕಪಾಟು ಇಡೋ ಯೋಚನೆ ಇದ್ದರೆ ಈಗಲೇ ಬಿಡಿ.

ಡಲ್ಲಾಸ್ ದೊಡ್ಡಪ್ಪ

ಟೆಕ್ಸಾಸಿನಿಂದ ಬರೆಯುತ್ತಿದ್ದೇನೆ. ಇಲ್ಲಿ ಹಳದಿ ಶಾಲಾ ಬಸ್ಸನ್ನು ಮನೆ ಮಾಡಿಕೊಳ್ಳುವುದು ದೊಡ್ಡ ಹುಚ್ಚು. 'ಸ್ಕೂಲಿ' ಅಂತಲೇ ಕರೆಯುತ್ತಾರೆ. ಎತ್ತರ ಸಾಲದವರು ಚಾವಣಿಯನ್ನು ಸುತ್ತಲೂ ಕತ್ತರಿಸಿ, ಜಾಕಿ ಕೊಟ್ಟು ಎತ್ತಿ, ನಡುವೆ ಹೊಸ ಕಬ್ಬಿಣ ಬೆಸೆಯುತ್ತಾರೆ. ಬಹಳ ರಾಜ್ಯಗಳಲ್ಲಿ ಹಳದಿ ಬಣ್ಣ ತೆಗೆಯಲೇಬೇಕು, ಇಲ್ಲದಿದ್ದರೆ ಹಿಂದಿನ ಕಾರಿನವರು ಮಕ್ಕಳು ಇಳಿಯುತ್ತಾರೆ ಅಂದುಕೊಂಡು ನಿಲ್ಲುತ್ತಾರೆ.

ನಾನೂ ನನ್ನ ಅಳಿಯನೂ ಒಂದನ್ನು ಎರಡು ವರ್ಷ ಕುಟ್ಟಿದೆವು. ಒಂದು ಅನುಭವ ಹೇಳುತ್ತೇನೆ. ಇಲ್ಲಿ ಕ್ಯಾಂಪ್‌ಗ್ರೌಂಡಿಗೆ ಹೋದರೆ ಕರೆಂಟು, ನೀರು, ಕೊಳೆ ನೀರು ಬಿಡುವ ಪೈಪು ಮೂರೂ ಸಿಗುತ್ತವೆ. ನಮ್ಮ ಬಸ್ಸಿನ ಎಲ್ಲ ಸೌಕರ್ಯ ನಿಂತಿರುವುದು ಆ ಪೈಪಿನ ಮೇಲೆ. ಇಲ್ಲಿಯ ವಿಡಿಯೊ ನೋಡಿ ಊರಿನಲ್ಲಿ ಅದನ್ನೇ ಕಟ್ಟಿಸಿದರೆ ಕೊಳೆ ನೀರು ಎಲ್ಲಿ ಬಿಡುತ್ತೀರಿ? ಪಾತ್ರೆ ತೊಳೆದ ನೀರಿಗೂ ಒಂದು ಟ್ಯಾಂಕ್ ಇಡಿ. ದೇವಸ್ಥಾನದ ಅಂಗಳದಲ್ಲಿ ಜಾಗ ಕೊಟ್ಟವರ ಮುಂದೆ ಸಾರಿನ ನೀರು ಹರಿದರೆ ಮುಂದಿನ ಬಸ್ಸಿಗೆ ಅಲ್ಲಿ ಜಾಗ ಇರುವುದಿಲ್ಲ.

ಡಿಪೋ ನಿವೃತ್ತ

ನೀರಿನ ಲೆಕ್ಕ ನಾನು ಹೇಳ್ತೀನಿ. ತಲೆಗೆ ಒಂದು ಬಕೆಟ್ ಸ್ನಾನ, 15 ಲೀಟರ್. ನಾಲ್ಕು ಜನಕ್ಕೆ 60. ಅಡುಗೆ, ಕುಡಿಯೋಕೆ 15. ಪಾತ್ರೆ, ಕೈಕಾಲು, ಟಾಯ್ಲೆಟ್ಟು ಅಂತ ಇನ್ನೊಂದು 25. ನೂರು ಲೀಟರ್ ಆಯಿತು. 200 ಲೀಟರಿನ ಟ್ಯಾಂಕ್ ಅಂದರೆ ಎರಡೇ ದಿನ, 200 ಕೆ.ಜಿ. ಆ ಟ್ಯಾಂಕನ್ನು ಹಿಂದೆ ತಳ್ಳಬೇಡಿ. ಎರಡು ಆಕ್ಸಲ್ ನಡುವೆ, ನೆಲಕ್ಕೆ ಹತ್ತಿರ. ಒಳಗೆ ಅಡ್ಡ ತಡೆ ಇರುವ ಟ್ಯಾಂಕೇ ಮಾಡಿಸಿ. ಅರ್ಧ ತುಂಬಿದ ಟ್ಯಾಂಕಿನ ನೀರು ಬ್ರೇಕ್ ಹಾಕಿದಾಗ ಮುಂದಕ್ಕೆ ನುಗ್ಗಿ ಹೊಡೆಯುತ್ತದಲ್ಲ, ಅದು ಇಳಿಜಾರಿನಲ್ಲಿ ನಿಮ್ಮನ್ನು ತಳ್ಳುತ್ತದೆ.

ವಾಷಿಂಗ್ ಮಷೀನ್ ಪಟ್ಟಿಯಿಂದ ಹೊಡೆದು ಹಾಕಿ.

ತೀರ್ಥಹಳ್ಳಿ ಥಂಡಿ

ಹೊಡೆದು ಹಾಕಿ ಸರಿ. ಬಟ್ಟೆ ಒಣಗಿಸೋಕೆ ಏನು ಮಾಡ್ತೀರಿ? ನನ್ನ ಕನಸು ಅದೊಂದೇ. ಮಳೆಗಾಲದಲ್ಲಿ ಒಂದು ವಾರ ವ್ಯಾನಿನಲ್ಲಿ ಸುತ್ತಿದವನು ನಾನು. ಮೂರನೇ ದಿನ ಎಲ್ಲದಕ್ಕೂ ಒಂದೇ ವಾಸನೆ. ಟವೆಲ್ಲು, ದಿಂಬು, ಬ್ರೆಡ್ಡು. ನಾಲ್ಕು ಜನ ಉಸಿರು ಬಿಟ್ಟ ನೀರೇ ರಾತ್ರಿ ತಗಡಿಗೆ ಅಂಟಿ ಬೆಳಿಗ್ಗೆ ಮುಖದ ಮೇಲೆ ತೊಟ್ಟಿಕ್ಕುತ್ತದೆ.

ಹಾಗಾಗಿ ಬಾಗಿಲಿನ ಪಕ್ಕದಲ್ಲೇ ಒಂದು 'ಒದ್ದೆ ಮೂಲೆ' ಬೇಕು. ಛತ್ರಿ, ರೇನ್‌ಕೋಟು, ಚಪ್ಪಲಿ ಅಲ್ಲೇ ಉಳಿಯಬೇಕು. ಕೆಳಗೆ ಜಾಲರಿ, ಅದರಿಂದ ನೀರು ಹೊರಗೆ. ಮೇಲೆ ಹಗ್ಗ, ಗಾಳಿ ಎಳೆಯೋ ಫ್ಯಾನು. ಸ್ನಾನದ ಮನೆಯೂ ಅದೇ ಆದರೆ ಇನ್ನೂ ಒಳ್ಳೆಯದು, ಹಗಲು ಬಟ್ಟೆ ಒಣಗಿಸೋಕೆ. ಚಾವಣಿಗೆ ತೂತು ಎಷ್ಟು ಕಡಿಮೆಯೋ ಅಷ್ಟು ಲಾಭ. ಪ್ರತಿ ತೂತೂ ಒಂದು ದಿನ ಸೋರುತ್ತದೆ. ಮಗಳ ಏಣಿಯನ್ನು ಹಿಂದೆ ಹೊರಗೆ ಹಾಕಿಸಿ. ಮೊದಲು ಬಸ್ಸಿನ ಹಿಂದೆ ಇರುತ್ತಿತ್ತಲ್ಲ, ಕ್ಯಾರಿಯರಿಗೆ ಹತ್ತೋದು, ಅದೇ.

ಹಾಂ, ಆಗುಂಬೆ ಘಾಟಿಯಲ್ಲಿ ಬರೋ ಯೋಚನೆ ಇದ್ದರೆ, ಅಲ್ಲಿ 14 ಹೇರ್‌ಪಿನ್ ತಿರುವು. ಭಾರಿ ವಾಹನ ಬಿಡಲ್ಲ. ಬಂಡೀಪುರದಲ್ಲೂ ಹಾಗೇ, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಬಂದ್, 2009ರಿಂದ. ಗುಂಡ್ಲುಪೇಟೆಗೆ ಏಳರ ಒಳಗೆ ಬಂದು ಅಲ್ಲೇ ಊಟ ಮಾಡಿ ಮಲಗೋದು ವಾಸಿ.

ಉಳಿ ಸುತ್ತಿಗೆ

ನಾನು ಬಡಗಿ. ಮೇಲಿನ ಎಲ್ಲರ ಮಾತೂ ಕೂಡಿಸಿದರೆ ಆ ಬಸ್ಸು 40 ಅಡಿ ಬೇಕಾಗುತ್ತದೆ.

ಒಂದು ಕೆಲಸ ಮಾಡಿ. ಅಂಗಳದಲ್ಲಿ ಸುಣ್ಣ ಹಾಕಿ 17 ಅಡಿ 8 ಇಂಚು, ಆರೂವರೆ ಅಡಿ ಗೀಟು ಎಳೆಯಿರಿ. ಚಕ್ರದ ಗೂಡು, ಬಾಗಿಲು ಎಲ್ಲ ಸರಿಯಾದ ಜಾಗದಲ್ಲಿ ಬರೆಯಿರಿ. ಒಳಗೆ ಮಂಚಕ್ಕೆ ಚಾಪೆ, ಅಡುಗೆ ಕಟ್ಟೆಗೆ ಬೆಂಚು, ಟಾಯ್ಲೆಟ್ಟಿಗೆ ನಾಲ್ಕು ಇಟ್ಟಿಗೆ. ನಾಲ್ಕು ಜನವೂ ಒಂದು ಬೆಳಿಗ್ಗೆ ಅದರೊಳಗೇ ಇರಿ. ಗೀಟು ದಾಟಬಾರದು. ಪ್ಲೈವುಡ್ ಕೊಯ್ದ ಮೇಲೆ ಬುದ್ಧಿ ಬಂದರೆ ದುಬಾರಿ. ಸುಣ್ಣ ಅಳಿಸಬಹುದು.

ಇನ್ನೊಂದು. ಡ್ರಾಯರಿಗೆಲ್ಲ ಒತ್ತಿದರೆ ಮಾತ್ರ ಬಿಡುವ ಲಾಕ್ ಹಾಕಿಸಿ. ಆಯಸ್ಕಾಂತ ಹಾಕಿದರೆ ಮೊದಲ ಹಂಪಿನಲ್ಲೇ ಸ್ಟೀಲ್ ಲೋಟ ಎಲ್ಲ ನೆಲದಲ್ಲಿ.

ಸಾಗರದ ಸವಾರ

ಉಳಿ ಸುತ್ತಿಗೆ ಅಣ್ಣಾ, ಭಾನುವಾರ ಮಾಡಿಯೇ ಬಿಟ್ಟೆವು. ರಂಗೋಲಿ ಪುಡಿಯಲ್ಲಿ. ಅಕ್ಕಪಕ್ಕದವರು ಏನೋ ಪೂಜೆ ಅಂದುಕೊಂಡರು.

ಬೆಳಿಗ್ಗೆ ಆರಕ್ಕೆ 'ಎದ್ದೆವು'. ಆರೂಕಾಲಿಗೆ ಮೊದಲ ಜಗಳ. ಹೆಂಡತಿ ಕಾಫಿಗೆ ನಿಂತಿದ್ದಳು. ನಾನು ಟಾಯ್ಲೆಟ್ಟಿನ ಇಟ್ಟಿಗೆ ಕಡೆ ಹೋಗಬೇಕು. ಇಬ್ಬರೂ ಒಂದೇ ಓಣಿಯಲ್ಲಿ. ಅವಳು ಡಿಕಾಕ್ಷನ್ ಹಿಡಿದುಕೊಂಡು ಚಾಪೆ ಮೇಲೆ ಹತ್ತಬೇಕಾಯಿತು. ಮಗಳು ಚಕ್ರದ ಗೂಡಿನ ಮೇಲೆ ಕೂತು ಹೋಂವರ್ಕ್ ಮಾಡುತ್ತೇನೆ ಅಂದಳು, ಆ ಜಾಗ ಅವಳದ್ದಾಯಿತು. ಎರಡು ದೊಡ್ಡ ಹಾಸಿಗೆ ಸಾಧ್ಯವೇ ಇಲ್ಲ. ಹಿಂದೆ ಅಡ್ಡಡ್ಡ ಒಂದು, ಪಕ್ಕದಲ್ಲಿ ಅಮ್ಮನಿಗೆ ಹಗಲು ಬೆಂಚಾಗುವ ಒಂದು, ಮಗಳಿಗೆ ಮೇಲೆ ತೊಟ್ಟಿಲ ಹಾಗೆ ಒಂದು. ಪ್ರೊಜೆಕ್ಟರ್ ಎಲ್ಲಿ ಅಂತ ಯಾರೂ ಕೇಳಲಿಲ್ಲ. ನಾನೂ ಸುಮ್ನಿದ್ದೆ.

ಅಮ್ಮ ಮಾತ್ರ ಒಳಗೆ ಹತ್ತು ನಿಮಿಷವೂ ಕೂರಲಿಲ್ಲ. ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಬಾಗಿಲ ಗೀಟಿನ ಆಚೆ ಹಾಕಿಕೊಂಡು, ಮೊರ ತೊಡೆ ಮೇಲೆ ಇಟ್ಟು ಅಕ್ಕಿ ಆರಿಸತೊಡಗಿದರು. "ಅಮ್ಮಾ, ಗೀಟು ದಾಟಬಾರದು" ಅಂದೆ. "ಜಗಲಿ ಇಲ್ಲದ ಮನೆ ಎಂಥದ್ದೋ, ಬಂದವರು ಎಲ್ಲಿ ಕೂರಬೇಕು?" ಅಂದರು. ಏನೂ ಬೇಡ ಅಂದವರು! ಆಮೇಲೆ ಅಳತೆಯನ್ನೂ ಅವರೇ ಹೇಳಿದರು. ಕಾಲು ಚಾಚಿ ಕೂರುವಷ್ಟು ಅಗಲ, ಮೇಲೆ ಮಳೆ ತಡೆಯೋ ಮಾಡು.

ಕೇಳೋದು ಇಷ್ಟು. ಬಸ್ಸಿನ ಎಡ ಪಕ್ಕಕ್ಕೆ ಮಡಚುವ ಜಗಲಿ ಆಗುತ್ತದಾ?

ಉಳಿ ಸುತ್ತಿಗೆ

ಆಗುತ್ತದೆ. ಕಬ್ಬಿಣದ ಚೌಕಟ್ಟು ಬೇಡ, ಭಾರ. ಅಲ್ಯೂಮಿನಿಯಂ ಚೌಕಟ್ಟಿಗೆ ಮರೈನ್ ಪ್ಲೈ. ಆರು ಅಡಿ ಉದ್ದ, ಎರಡೂವರೆ ಅಡಿ ಅಗಲ ಸಾಕು. ಬಸ್ಸಿನ ನೆಲದ ಮಟ್ಟಕ್ಕೆ ಬೇಡ, ಅಮ್ಮನಿಗೆ ಎತ್ತರ ಆಗುತ್ತದೆ. ಮೊದಲ ಮೆಟ್ಟಿಲ ಮಟ್ಟಕ್ಕೆ ಇಡಿ. ಕೆಳಗೆ ತಿರುಗಿಸಿ ಎತ್ತರ ಸರಿಮಾಡುವ ಎರಡು ಕಾಲು ಬೇಕು, ಎಲ್ಲಿಯ ನೆಲವೂ ಸಮ ಇರಲ್ಲ. ಮಡಚಿ ಪಕ್ಕಕ್ಕೆ ನಿಲ್ಲಿಸಿದರೆ ಬಸ್ಸಿನ ಅಗಲ ಹೆಚ್ಚಾಗುತ್ತದೆ, ಆರ್‌ಟಿಒದಲ್ಲಿ ತಕರಾರು. ಹಲಗೆಯನ್ನು ಎರಡು ತುಂಡು ಮಾಡಿ ಹಾಸಿಗೆ ಕೆಳಗೆ ಸೇರಿಸಿಬಿಡಿ. ಮಾಡಿಗೆ ಸುರುಳಿ ಟಾರ್ಪಾಲು.

ಪಾಯಿಂಟ್ ನಂಬರ್ ಒಂದು

ಬಿಚ್ಚಿ ಒಳಗಿಡೋದಾದರೆ ನನ್ನ ಆಕ್ಷೇಪ ಇಲ್ಲ. ನಕ್ಷೆಯಲ್ಲಿ ಅದನ್ನು 'ಮರದ ಹಲಗೆ, ಎರಡು' ಅಂತಲೇ ಬರೆಯಿರಿ.

ಹುಬ್ಬಳ್ಳಿ ಖಾರ

ಜಗಲಿಗೆ ಕಟ್ಟಿ ಅಂತೀವಿ ನಾವು. ಕಟ್ಟಿ ಇದ್ದಮ್ಯಾಲೆ ಬಸ್ಸು ನಮ್ಮೂರಿಗೆ ಬರಲೇಬೇಕು. ಮಿರ್ಚಿ ಮಂಡಕ್ಕಿ ನನ್ನದು. ಎಸಿ ವಿಷಯ ಅಲ್ಲೇ ಕೂತು ಇತ್ಯರ್ಥ ಮಾಡೋಣು.

ಡಿಪೋ ನಿವೃತ್ತ

ಎಲ್ಲ ಆಯಿತು, ಬೋರ್ಡಿನಲ್ಲಿ ಏನು ಬರೆಸುತ್ತೀರಿ? ಬಸ್ಸು ಅಂದಮೇಲೆ ಬೋರ್ಡು ಬೇಡವಾ?

ಸಾಗರದ ಸವಾರ

ಮಗಳು ಬರೆದು ರಟ್ಟಿಗೆ ಅಂಟಿಸಿಯೂ ಆಗಿದೆ ಸರ್. 'ಅಜ್ಜಿ ಮನೆ, ವಯಾ ಎಲ್ಲಾ ಕಡೆ'. ನಾಳೆ ವೇ ಬ್ರಿಡ್ಜಿಗೆ ಹೋಗುತ್ತಿದ್ದೇನೆ. ಖಾಲಿ ತೂಕ ಎಷ್ಟು ಬಂತು ಅಂತ ಸಂಜೆ ಹಾಕುತ್ತೇನೆ.